ನೂರ ಮೂರು ಅಂದರೆ 1003 ಬರೆಯುತ್ತಾರೆ: ಕೈಗೂ ಕಿವಿಗೂ ಒಟ್ಟಿಗೆ ಕೆಲಸ ಕೊಡುವುದು ಹೇಗೆ?

ಎರಡನೇ ಕ್ಲಾಸ್ ಟೀಚರ್

ಎಲ್ಲರಿಗೂ ನಮಸ್ಕಾರ. ನನ್ನ ತರಗತಿಯಲ್ಲಿ 34 ಮಕ್ಕಳಿದ್ದಾರೆ, ಎಲ್ಲ ಏಳೆಂಟು ವರ್ಷದವರು. ಕಡ್ಡಿ ಕೊಟ್ಟರೆ ಚೆನ್ನಾಗಿ ಎಣಿಸುತ್ತಾರೆ. ಹತ್ತತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡುತ್ತಾರೆ. ಮೂರು ಕಟ್ಟು, ನಾಲ್ಕು ಬಿಡಿ ಕಡ್ಡಿ ಇಟ್ಟರೆ ಮೂವತ್ತನಾಲ್ಕು ಅನ್ನುತ್ತಾರೆ. ಆದರೆ ನಾನು ಬಾಯಲ್ಲಿ ಹೇಳಿ ಬರೆಯಿರಿ ಅಂದರೆ ಎಲ್ಲ ತಲೆಕೆಳಗು. ನೂರ ಮೂರು ಅಂದರೆ ಅರ್ಧ ಕ್ಲಾಸು 1003 ಬರೆಯುತ್ತದೆ. ಎಂಬತ್ತು ಅಂದರೆ ಕೆಲವರು 90 ಬರೆಯುತ್ತಾರೆ, ಒಬ್ಬ 9 ಬರೆದು ಖುಷಿಯಾಗಿ ಕೂರುತ್ತಾನೆ.

ಇನ್ನೊಂದು ತೊಂದರೆ, ಇವರು ಕೇಳಿಸಿಕೊಳ್ಳುವುದೇ ಇಲ್ಲ. "ಮೊದಲು ಪೂರ್ತಿ ಕೇಳಿ, ಆಮೇಲೆ ಮಾಡಿ" ಅಂತ ದಿನಕ್ಕೆ ಎಷ್ಟು ಸಲ ಹೇಳುತ್ತೇನೋ ಲೆಕ್ಕವಿಲ್ಲ. ನನ್ನ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಕೈ ಕಡ್ಡಿಯ ಮೇಲೆ ಇರುತ್ತದೆ.

ಕೈಯಲ್ಲಿ ಮಾಡುವ ಲೆಕ್ಕಕ್ಕೆ ಒಂದು ಅವಧಿ, ಕೇಳುವ ಚಟುವಟಿಕೆಗೆ ಇನ್ನೊಂದು ಅವಧಿ ಅಂತ ಕೊಡುವಷ್ಟು ಸಮಯ ನನ್ನ ಹತ್ತಿರ ಇಲ್ಲ. ಎರಡನ್ನೂ ಸೇರಿಸಿ ಯಾರಾದರೂ ಮಾಡಿದ್ದೀರಾ?

ಚಾಕ್‌ಪೀಸ್

ಒಂಬತ್ತು, ಎಂಬತ್ತು, ತೊಂಬತ್ತು. ನಮ್ಮ ಕನ್ನಡ ಮಕ್ಕಳಿಗೆ ಈ ಮೂರರಷ್ಟು ಕಾಟ ಬೇರೆ ಯಾವ ಸಂಖ್ಯೆಯೂ ಕೊಡುವುದಿಲ್ಲ. ಕೊನೆಯಲ್ಲಿ ಮೂರೂ ಒಂದೇ ಥರ ಕೇಳುತ್ತವೆ. ವ್ಯತ್ಯಾಸ ಇರುವುದು ಮೊದಲ ಅಕ್ಷರದಲ್ಲಿ ಮಾತ್ರ, ಅದನ್ನು ಹೇಳುವ ಹೊತ್ತಿಗೆ ಮಗುವಿನ ಗಮನ ಇನ್ನೂ ನಮ್ಮ ಕಡೆ ತಿರುಗಿರುವುದಿಲ್ಲ.

ನಾನು ಒಂದು ಆಟ ಆಡಿಸುತ್ತೇನೆ. ಒಂಬತ್ತು ಅಂದರೆ ಕೂರಬೇಕು, ಎಂಬತ್ತು ಅಂದರೆ ನಿಲ್ಲಬೇಕು, ತೊಂಬತ್ತು ಅಂದರೆ ನಿಂತು ಕೈ ಎತ್ತಬೇಕು. ಮೊದಲು ಜೋರಾಗಿ ಹೇಳುತ್ತೇನೆ, ಬರುಬರುತ್ತಾ ಪಿಸುಮಾತು. ಧ್ವನಿ ಸಣ್ಣದಾದಷ್ಟೂ ಕ್ಲಾಸು ಸುಮ್ಮನಾಗುತ್ತದೆ. ನಾಲ್ಕು ನಿಮಿಷ ಸಾಕು. ಐದಕ್ಕೆ ಹೋದರೆ ಗಲಾಟೆ ಶುರು.

ಡಬ್ಬಿ ಮೇಷ್ಟ್ರು

ಟೀಚರ್, ನಿಮಗಿರುವುದು ಎರಡು ತೊಂದರೆ ಅಲ್ಲ, ಒಂದೇ. ಕಡ್ಡಿಯ ಕಟ್ಟು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಸಂಖ್ಯೆಯ ಹೆಸರು ಕಿವಿಗೆ ಬರುತ್ತದೆ. ಇವೆರಡಕ್ಕೂ ಇನ್ನೂ ಪರಿಚಯ ಆಗಿಲ್ಲ.

ನಾನು ಬಹಳ ವರ್ಷ ಮಾಡಿಸಿದ್ದನ್ನು ಹೇಳುತ್ತೇನೆ. ಒಂದು ಲೋಹದ ಡಬ್ಬಿ, ಒಂದು ಪ್ಲಾಸ್ಟಿಕ್ ಡಬ್ಬಿ, ಒಂದು ಹಿಡಿ ಅಂಗಿ ಗುಂಡಿ. ಕಲ್ಲಾದರೂ ಆಗುತ್ತದೆ. ಮೊದಲ ದಿನ ಲೋಹದ್ದು ಮಾತ್ರ. ಮಕ್ಕಳು ಕಣ್ಣು ಮುಚ್ಚಬೇಕು. ನಾನು ಒಂದೊಂದೇ ಗುಂಡಿ ಹಾಕುತ್ತೇನೆ. ಟಣ್, ಟಣ್, ಟಣ್. ಎಷ್ಟು ಅಂತ ಬೆರಳಲ್ಲಿ ತೋರಿಸಬೇಕು, ಬಾಯಿ ಬಿಡುವಂತಿಲ್ಲ. ಮೂರು ನಾಲ್ಕು ಆದರೆ ತಟ್ಟನೆ ತೋರಿಸುತ್ತಾರೆ. ಏಳು ಹಾಕಿದರೆ ಆರು, ಎಂಟು, ಹತ್ತು ಎಲ್ಲ ಬರುತ್ತವೆ. ಆಗ ಅದೇ ಏಳನ್ನು ಮೂರು ಹಾಕಿ, ಒಂದು ಉಸಿರು ಬಿಟ್ಟು, ನಾಲ್ಕು ಹಾಕಿ. ಸರಿಯಾಗಿ ತೋರಿಸುತ್ತಾರೆ. ಬೋರ್ಡ್ ಮುಟ್ಟದೇ 3 + 4 ಬಂದುಬಿಟ್ಟಿತು.

ಎರಡನೇ ದಿನದಿಂದ ಲೋಹದ ಸದ್ದು ಹತ್ತು, ಪ್ಲಾಸ್ಟಿಕ್ ಸದ್ದು ಒಂದು. ಪ್ರತಿ ಟಣ್‌ಗೆ ಒಂದು ಕಟ್ಟು, ಪ್ರತಿ ಟಪ್‌ಗೆ ಒಂದು ಬಿಡಿ ಕಡ್ಡಿ ಎತ್ತಿಡಬೇಕು. ಟಣ್ ಟಣ್ ಟಣ್, ಟಪ್ ಟಪ್ ಟಪ್ ಟಪ್. ಮೂವತ್ತನಾಲ್ಕು. ಒಂದು ವಾರ ಆದ ಮೇಲೆ ಬೇಕಂತಲೇ ಕಲಸಿಬಿಡಿ. ಟಪ್ ಟಣ್ ಟಪ್ ಟಣ್ ಟಣ್ ಟಪ್ ಟಪ್. ಇದೂ ಮೂವತ್ತನಾಲ್ಕೇ. ಇಲ್ಲಿ ಮಕ್ಕಳಲ್ಲಿ ಜಗಳ ಆಗುತ್ತದೆ, ಆಗಲಿ ಬಿಡಿ. ಕೇಳುವಾಗ ಹತ್ತು ಮೊದಲು ಬಂದರೂ ಕೊನೆಗೆ ಬಂದರೂ ಹತ್ತೇ. ಬರೆಯುವಾಗ ಮಾತ್ರ ಅದಕ್ಕೊಂದು ಜಾಗ ಬೇಕು. ಸ್ಥಾನಬೆಲೆ ಅಂದರೆ ಇಷ್ಟೇ ಅಲ್ವಾ?

ಈಗ ನಿಮ್ಮ ನೂರ ಮೂರಕ್ಕೆ ಬರೋಣ. ನೂರಕ್ಕೆ ಮೇಜಿನ ಮೇಲೆ ಅಂಗೈ ಬಡಿತ. ಧಡ್, ಟಪ್ ಟಪ್ ಟಪ್. ಟಣ್ ಕೇಳಲೇ ಇಲ್ಲ. ಕೇಳದ್ದನ್ನು ಎಲ್ಲಿ ಬರೆಯುವುದು? "ನೂರ ಮೂರು" ಅನ್ನುವ ಮಾತಿನಲ್ಲಿ ಸೊನ್ನೆ ಎಲ್ಲಿದೆ ಹೇಳಿ ನೋಡೋಣ. ಎಲ್ಲೂ ಇಲ್ಲ. ಮಗುವಿಗೆ ನೂರು ಕೇಳಿತು, 100 ಬರೆಯಿತು. ಮೂರು ಕೇಳಿತು, ಪಕ್ಕದಲ್ಲಿ 3 ಬರೆಯಿತು. ಕೇಳಿಸಿಕೊಂಡಿಲ್ಲ ಅಂತ ಅದನ್ನು ಬೈಯಬೇಡಿ. ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದಿದೆ.

ಅಂಟು ಕತ್ತರಿ

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಕೆ. ರಟ್ಟಿನ ಕಾರ್ಡ್ ಮಾಡಿ. 100 ಬರೆದ ಕಾರ್ಡ್ ಮೂರು ಚೌಕ ಉದ್ದ, 20 ಬರೆದದ್ದು ಎರಡು ಚೌಕ, 3 ಬರೆದದ್ದು ಒಂದು ಚೌಕ. ಬಲಗಡೆ ಅಂಚು ಸರಿ ಹೊಂದಿಸಿ ಒಂದರ ಮೇಲೆ ಒಂದು ಇಡಬೇಕು. 100ರ ಮೇಲೆ 3 ಇಟ್ಟರೆ ಕೊನೆಯ ಸೊನ್ನೆ ಮುಚ್ಚಿ 103 ಆಗುತ್ತದೆ. 1003 ಬರೆದ ಮಗುವಿನ ಕೈಗೆ ಈ ಎರಡು ಕಾರ್ಡ್ ಕೊಟ್ಟು ಸುಮ್ನೆ ಇದ್ದುಬಿಡಿ. ಅದು ಕಾರ್ಡ್ ಎತ್ತಿ ಕೆಳಗೆ ಇಣುಕಿ ನೋಡುತ್ತದೆ. ನನಗೆ ಆ ಇಣುಕುವ ಕ್ಷಣ ತುಂಬಾ ಇಷ್ಟ.

ಚೌಕಗಳು ಒಂದೇ ಅಳತೆ ಇರಲಿ. ಮೊದಲ ಸಲ ನಾನು ಕಣ್ಣಳತೆಯಲ್ಲಿ ಕತ್ತರಿಸಿ ಎಲ್ಲ ದಂಡ ಮಾಡಿದೆ.

ಪಾಠ ಮುಗಿಸಬೇಕಾದವನು

ಬೇಸರ ಮಾಡಿಕೊಳ್ಳಬೇಡಿ, ಒಂದು ಮಾತು ಹೇಳುತ್ತೇನೆ. ಇದೆಲ್ಲ ಹನ್ನೆರಡು ಮಕ್ಕಳಿರುವ ಕ್ಲಾಸಿಗೆ ಚೆಂದ. ನಾನೂ ಒಮ್ಮೆ ಉತ್ಸಾಹದಿಂದ ಒಂದು ಪೆಟ್ಟಿಗೆ ಮರದ ತುಂಡು ತಂದು ಕೊಟ್ಟೆ. ಅರ್ಧ ಗಂಟೆ ಗೋಪುರ ಕಟ್ಟಿದರು, ಒಬ್ಬರ ಗೋಪುರ ಇನ್ನೊಬ್ಬರು ಬೀಳಿಸಿದರು, ಒಂದು ತುಂಡು ಒಬ್ಬನ ಹಣೆಗೆ ಬಿತ್ತು. ಪಕ್ಕದ ಕ್ಲಾಸಿನವರು ಬಂದು ಬಾಗಿಲಲ್ಲಿ ನಿಂತರು. ಅವತ್ತು ಕಲಿಸಬೇಕಿದ್ದ ಕಳೆಯುವ ಲೆಕ್ಕ ಅಲ್ಲೇ ಉಳಿಯಿತು. ಪರೀಕ್ಷೆಯಲ್ಲಿ ಮಗುವಿನ ಕೈಯಲ್ಲಿ ಇರುವುದು ಪೆನ್ಸಿಲ್, ಡಬ್ಬಿ ಅಲ್ಲ.

ಡಬ್ಬಿ ಮೇಷ್ಟ್ರು

ಗೋಪುರ ಕಟ್ಟಲೇಬೇಕು ಸಾರ್. ಅದನ್ನು ತಪ್ಪಿಸಲು ಹೋದದ್ದೇ ಎಡವಟ್ಟಾಗಿದೆ. ಮರದ ತುಂಡುಗಳಿಂದ ಗಣಿತ ಕಲಿಸುವುದರಲ್ಲಿ ಹೆಸರಾದ ಝೋಲ್ಟಾನ್ ಡೀನೆಸ್, ಕಲಿಕೆಯ ಮೊದಲ ಹಂತವೇ ಸ್ವತಂತ್ರ ಆಟ ಅಂದರು. ಹೊಸ ವಸ್ತು ಕೊಟ್ಟ ಮೊದಲ ದಿನ ಹತ್ತು ನಿಮಿಷ ಏನೂ ಕೇಳದೇ ಆಡಲು ಬಿಡಿ. ಎರಡನೇ ದಿನ ಅದು ಆಟದ ಸಾಮಾನಾಗಿ ಉಳಿದಿರುವುದಿಲ್ಲ. ನೀವು ಮೊದಲ ದಿನವೇ ಕಳೆಯುವ ಲೆಕ್ಕಕ್ಕೆ ಇಳಿದಿರಿ, ಮಕ್ಕಳು ಗೋಪುರಕ್ಕೆ ಇಳಿದರು.

ಮಕ್ಕಳು ಜಾಸ್ತಿ ಇದ್ದರೆ ಎಲ್ಲರಿಗೂ ಡಬ್ಬಿ ಬೇಡ. ಡಬ್ಬಿ ಒಂದೇ, ನಿಮ್ಮ ಮೇಜಿನ ಮೇಲೆ. ಕಡ್ಡಿ ಮಾತ್ರ ಇಬ್ಬರಿಗೆ ಒಂದು ಸೆಟ್. ಒಬ್ಬ ಕೇಳುತ್ತಾನೆ, ಇನ್ನೊಬ್ಬ ಇಡುತ್ತಾನೆ. ಪೆನ್ಸಿಲ್ ಬಗ್ಗೆ ನೀವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಕೊನೆಯ ಐದು ನಿಮಿಷ ಪುಸ್ತಕ ತೆಗೆಯಲೇಬೇಕು. ಕೈಯಲ್ಲಿ ಮಾಡಿದ್ದನ್ನು ಚಿತ್ರ ಬರೆಯಬೇಕು, ಚಿತ್ರದ ಪಕ್ಕ ಅಂಕಿ ಬರೆಯಬೇಕು. ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1966ರಲ್ಲಿ ವಿವರಿಸಿದ ಮೂರು ದಾರಿಗಳೂ ಇವೇ: ಕೈ, ಚಿತ್ರ, ಚಿಹ್ನೆ. ಕೈಯಲ್ಲೇ ನಿಂತುಬಿಟ್ಟರೆ ನಿಮ್ಮ ದೂರು ಸರಿ.

ಚಾಕ್‌ಪೀಸ್

ಸದ್ದಿನ ಬಗ್ಗೆ: ಚಪ್ಪಾಳೆ ಬದಲು ಎರಡು ಬೆರಳಿಂದ ಅಂಗೈ ತಟ್ಟಿಸಿ. ಇಡೀ ಕ್ಲಾಸು ತಟ್ಟಿದರೂ ಮಳೆ ಹನಿಯ ಹಾಗೆ ಕೇಳುತ್ತದೆ. ಪಕ್ಕದ ಕ್ಲಾಸಿನವರು ಬರುವುದಿಲ್ಲ, ಗ್ಯಾರಂಟಿ.

ಇಬ್ಬರ ಅಮ್ಮ

ನಾನು ಟೀಚರ್ ಅಲ್ಲ, ಪೋಷಕಿ. ಬರೆಯಬಹುದಾ ಗೊತ್ತಿಲ್ಲ, ಬರೆಯುತ್ತೇನೆ. ನನ್ನ ದೊಡ್ಡ ಮಗಳು ಶ್ರವಣ ಸಾಧನ ಹಾಕುತ್ತಾಳೆ. ಲೋಹದ ಡಬ್ಬಿಗೆ ಗುಂಡಿ ಬಿದ್ದರೆ ನಿಮಗೆ ಅದು ಟಣ್. ಅವಳಿಗೆ ಕಿವಿಯೊಳಗೆ ಚುಚ್ಚಿದ ಹಾಗೆ. ಅದರ ಮೇಲೆ ಮಕ್ಕಳ ಗುಜುಗುಜು ಇದ್ದರೆ ಟೀಚರ್ ಮಾತು ಅದರಲ್ಲೇ ಮುಳುಗಿಹೋಗುತ್ತದೆ, ಏಕೆಂದರೆ ಆ ಯಂತ್ರ ಅಕ್ಕಪಕ್ಕದ ಗದ್ದಲವನ್ನೂ ದೊಡ್ಡದು ಮಾಡುತ್ತದೆ. ಅವಳ ಹಿಂದಿನ ಶಾಲೆಯಲ್ಲಿ ಇಂಥ ಒಂದು ಚಟುವಟಿಕೆಯಲ್ಲಿ "ಕೇಳದಿದ್ದವರು ಔಟ್" ಅಂತ ನಿಯಮ ಇತ್ತು. ಅವಳು ಪ್ರತಿ ಸಲ ಮೊದಲೇ ಔಟ್. ಆಮೇಲೆ ಗಣಿತದ ಅವಧಿ ಬಂದರೆ ಹೊಟ್ಟೆನೋವು ಅಂತ ಮಲಗುತ್ತಿದ್ದಳು.

ಕೇಳುವ ಆಟ ಬೇಡ ಅನ್ನುತ್ತಿಲ್ಲ. ಅದರಲ್ಲಿ ಅವಳಿಗೂ ಒಂದು ಜಾಗ ಇರಲಿ.

ಡಬ್ಬಿ ಮೇಷ್ಟ್ರು

ಅಮ್ಮಾ, ನೀವು ಹೇಳಿದ್ದು ನನಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ. ಡಬ್ಬಿಯ ತಳಕ್ಕೆ ಬಟ್ಟೆ ಹಾಕಿದರೆ ಆಗುತ್ತದಾ?

ಇಬ್ಬರ ಅಮ್ಮ

ಬಟ್ಟೆ ಹಾಕಿದರೆ ಒಳ್ಳೆಯದು. ಮರದ ಪೆಟ್ಟಿಗೆ ಇನ್ನೂ ಒಳ್ಳೆಯದು. ಈಗಿನ ಟೀಚರ್ ಹೀಗೆ ಮಾಡುತ್ತಾರೆ: ಮಕ್ಕಳು ಇಬ್ಬಿಬ್ಬರು, ಒಬ್ಬರ ಹಿಂದೆ ಒಬ್ಬರು. ಹಿಂದಿನವರು ಮುಂದಿನವರ ಬೆನ್ನ ಮೇಲೆ ತಟ್ಟಬೇಕು. ಅಂಗೈ ಅಗಲವಾಗಿ ಇಟ್ಟರೆ ಹತ್ತು, ಒಂದು ಬೆರಳು ತಾಗಿಸಿದರೆ ಒಂದು. ಸದ್ದೇ ಇಲ್ಲ. ಎಲ್ಲರೂ ಬೆನ್ನಲ್ಲೇ ಕೇಳಿಸಿಕೊಳ್ಳುತ್ತಾರೆ, ನನ್ನ ಮಗಳು ಅದರಲ್ಲಿ ಎಲ್ಲರಿಗಿಂತ ಚುರುಕು. ಕೆಲವು ಮಕ್ಕಳಿಗೆ ಮುಟ್ಟಿಸಿಕೊಳ್ಳುವುದು ಇಷ್ಟ ಆಗುವುದಿಲ್ಲ. ಅವರು ಮರದ ಮೇಜಿನ ಮೇಲೆ ಅಂಗೈ ಇಟ್ಟು, ಇನ್ನೊಂದು ತುದಿಯಲ್ಲಿ ಕುಟ್ಟಿದ್ದನ್ನು ಎಣಿಸುತ್ತಾರೆ.

ಎರಡನೇ ಕ್ಲಾಸ್ ಟೀಚರ್

ಇದನ್ನು ನಾಳೆಯೇ ಮಾಡುತ್ತೇನೆ. ನನ್ನ ಕ್ಲಾಸಿನಲ್ಲೂ ಒಬ್ಬಳ ಮೇಲೆ ನನಗೆ ಅನುಮಾನ ಇದೆ. ಯಾವಾಗಲೂ ಪಕ್ಕದವರನ್ನು ನೋಡಿ ಶುರು ಮಾಡುತ್ತಾಳೆ. ಇಷ್ಟು ದಿನ ನಕಲು ಅಂದುಕೊಂಡಿದ್ದೆ. ಕಿವಿ ಪರೀಕ್ಷೆ ಮಾಡಿಸಿ ಅಂತ ಮನೆಯವರಿಗೆ ಹೇಳುತ್ತೇನೆ.

ಲೆಕ್ಕ ತಪ್ಪಿದ ಅಪ್ಪ

ಕೇಳಿಸಿಕೊಳ್ಳುವುದರಲ್ಲಿ ಇನ್ನೊಂದು ಥರ ಇದೆ. ನನ್ನ ಮಗನಿಗೆ ಮೊನ್ನೆ ಹೀಗೆ ಹೇಳಿದೆ: "ಅಕ್ಕನ ಹತ್ತಿರ 8 ಮಣಿ ಇವೆ. ಅವು ತಮ್ಮನ ಹತ್ತಿರ ಇರುವುದಕ್ಕಿಂತ 3 ಜಾಸ್ತಿ. ತಮ್ಮನ ಹತ್ತಿರ ಎಷ್ಟು?" ಪಟ್ ಅಂತ 11 ಅಂದ. ಅವನಿಗೆ "ಜಾಸ್ತಿ" ಕೇಳಿತು, ಕೂಡಿಬಿಟ್ಟ. "ಜಾಸ್ತಿ ಅಂದರೆ ಕೂಡು, ಉಳಿದದ್ದು ಅಂದರೆ ಕಳೆ" ಅಂತ ಯಾರೋ ಹೇಳಿಕೊಟ್ಟಿದ್ದಾರೆ. (ಯಾರೋ ಅಲ್ಲ, ನಾನೇ.)

ಅಂಟು ಕತ್ತರಿ

ಹ್ಹಾ ಹ್ಹಾ, ನಾವೆಲ್ಲರೂ ಹೇಳಿಕೊಟ್ಟಿದ್ದೇವೆ ಬಿಡಿ. ಒಂದು ಪದ ಹಿಡಿದು ಓಡುವುದನ್ನು ಬಿಡಿಸಬೇಕು. ನಾನು ವಾಕ್ಯದ ಲೆಕ್ಕವನ್ನು ಮೂರು ಸಲ ಹೇಳುತ್ತೇನೆ. ಮೊದಲ ಸಲ ಕೈ ಬೆನ್ನ ಹಿಂದೆ ಇರಬೇಕು, ಅಂಕಿ ಇಲ್ಲದೆ ಕಥೆ ಮಾತ್ರ: "ಅಕ್ಕನ ಹತ್ತಿರ ಒಂದಿಷ್ಟು ಮಣಿ, ಅವು ತಮ್ಮನ ಮಣಿಗಿಂತ ಸ್ವಲ್ಪ ಜಾಸ್ತಿ." ಯಾರ ರಾಶಿ ದೊಡ್ಡದು ಅಂತ ಕೇಳುತ್ತೇನೆ. ಅಕ್ಕನದ್ದು ಅನ್ನುತ್ತಾರೆ. ಎರಡನೇ ಸಲ ಅಂಕಿ ಸೇರಿಸುತ್ತೇನೆ. ಮೂರನೇ ಸಲ ಹೇಳುವಾಗ ಮಣಿ ಮುಟ್ಟಬಹುದು. ಅಕ್ಕನ 8 ಸಾಲಾಗಿ ಇಟ್ಟು, ಕೆಳಗೆ ತಮ್ಮನ ಸಾಲು ಇಡುತ್ತಾರೆ. 11 ಇಡಲು ಹೋದವನಿಗೆ ತಮ್ಮನ ಸಾಲೇ ಉದ್ದವಾಗಿ ಕಾಣುತ್ತದೆ. ಅವನೇ "ಅಯ್ಯೋ" ಅಂದು ತೆಗೆಯುತ್ತಾನೆ. ನಾವು ತಪ್ಪು ಅನ್ನುವ ಅಗತ್ಯವೇ ಬೀಳುವುದಿಲ್ಲ.

ದಿನಕ್ಕೆ ಇಂಥದ್ದು ಎರಡೇ ಲೆಕ್ಕ. ಹತ್ತು ಮಾಡಿಸಲು ಹೋಗಬೇಡಿ.

ಪಾಠ ಮುಗಿಸಬೇಕಾದವನು

ಅಂಕಿ ಇಲ್ಲದೆ ಕಥೆ ಮೊದಲು ಹೇಳುವುದು, ಇದು ಚೆನ್ನಾಗಿದೆ. ಖರ್ಚಿಲ್ಲ, ಡಬ್ಬಿಯೂ ಬೇಕಾಗಿಲ್ಲ. ಇದನ್ನು ಖಂಡಿತ ಮಾಡುತ್ತೇನೆ.

ಲಘು ಗುರು

ನಾನು ಕನ್ನಡ ಮೇಷ್ಟ್ರು. ಗಣಿತದವರ ಹರಟೆಗೆ ತಲೆ ಹಾಕುತ್ತಿದ್ದೇನೆ, ಹೊಟ್ಟೆಗೆ ಹಾಕಿಕೊಳ್ಳಿ.

ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆಯಾ? ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಅದನ್ನು ಮೂರನೇ ನಾಲ್ಕನೇ ತರಗತಿಯ ಮಕ್ಕಳಿಗೆ ಆಟವಾಗಿ ಕೊಡಬಹುದು. ಒಂದು ಚೌಕದ ಪಟ್ಟಿ ಅಂದರೆ "ತ", ಎರಡು ಚೌಕದ ಪಟ್ಟಿ ಅಂದರೆ "ತಾ". ನಾಲ್ಕು ಚೌಕದ ಜಾಗ ಕೊಟ್ಟು, ಎಷ್ಟು ಥರ ತುಂಬಬಹುದು ಅಂತ ಕೇಳಿ. ತ ತ ತ ತ, ತಾ ತ ತ, ತ ತಾ ತ, ತ ತ ತಾ, ತಾ ತಾ. ಐದು. ಪಟ್ಟಿ ಇಟ್ಟ ತಂಡ ಅದನ್ನು ಬಾಯಲ್ಲಿ ಹೇಳಬೇಕು, ಬೇರೆ ತಂಡ ನೋಡದೇ ಕೇಳಿ ಅದನ್ನೇ ಇಡಬೇಕು. ತಾಳ ತಪ್ಪಿದರೆ ಪಟ್ಟಿ ಜಾಗಕ್ಕೆ ಹೊಂದುವುದಿಲ್ಲ. ಕಿವಿ ಮಾಡಿದ ತಪ್ಪು ಕೈಗೆ ಗೊತ್ತಾಗುತ್ತದೆ.

ಈಗ ಲೆಕ್ಕ ನೋಡಿ. ಒಂದು ಚೌಕ ತುಂಬಲು 1 ದಾರಿ, ಎರಡಕ್ಕೆ 2, ಮೂರಕ್ಕೆ 3, ನಾಲ್ಕಕ್ಕೆ 5, ಐದಕ್ಕೆ 8. ಪ್ರತಿಯೊಂದೂ ಹಿಂದಿನ ಎರಡರ ಮೊತ್ತ. ಯಾಕೆ ಅಂದರೆ, ಐದು ಚೌಕದ ಸಾಲು "ತ"ದಲ್ಲಿ ಮುಗಿದರೆ ಅದಕ್ಕೆ ಮೊದಲು ನಾಲ್ಕು ತುಂಬಿರಬೇಕು. "ತಾ"ದಲ್ಲಿ ಮುಗಿದರೆ ಮೊದಲು ಮೂರು. 5 + 3 = 8. ಲೋಕ ಇದನ್ನು ಫಿಬೊನಾಚಿ ಸಂಖ್ಯೆ ಅನ್ನುತ್ತದೆ. ಆ ಹೆಸರಿನ ಇಟಲಿಯ ಗಣಿತಜ್ಞರ ಪುಸ್ತಕ ಬಂದದ್ದು 1202ರಲ್ಲಿ. ಅದಕ್ಕೂ ಮುಂಚೆ 12ನೇ ಶತಮಾನದಲ್ಲೇ ಹೇಮಚಂದ್ರ, ಅವರಿಗಿಂತ ಬಹಳ ಹಿಂದೆ ವಿರಹಾಂಕ, ಛಂದಸ್ಸಿನ ಮಾತ್ರೆ ಎಣಿಸುವಾಗ ಇದೇ ಲೆಕ್ಕಕ್ಕೆ ಬಂದಿದ್ದರು. ಅಂದರೆ ಕೇಳುತ್ತಾ ಎಣಿಸಿದವರಿಗೆ ಇದು ಮೊದಲು ಸಿಕ್ಕಿತು. ಈ ಮಾತು ಹೇಳುವಾಗ ನಾನು ಸ್ವಲ್ಪ ಎದೆ ಉಬ್ಬಿಸುತ್ತೇನೆ, ಕ್ಷಮಿಸಿ.

ಡಬ್ಬಿ ಮೇಷ್ಟ್ರು

ಉಬ್ಬಿಸಿ ಸಾರ್, ತಪ್ಪೇನಿಲ್ಲ. ಬಣ್ಣದ ಕೋಲು ಇದ್ದರೆ ಈ ಆಟ ಇನ್ನೂ ಸುಲಭ. 1 ಸೆಂಟಿಮೀಟರಿನಿಂದ 10ರವರೆಗೆ ಹತ್ತು ಉದ್ದ, ಒಂದೊಂದಕ್ಕೆ ಒಂದು ಬಣ್ಣ. 1 ಬಿಳಿ, 2 ಕೆಂಪು, 10 ಕಿತ್ತಳೆ. ಇದನ್ನು ಮಾಡಿದ ಬೆಲ್ಜಿಯಮ್ಮಿನ ಜಾರ್ಜ್ ಕ್ವಿಜ್ನೇರ್ ಕೂಡ ಶಾಲಾ ಮೇಷ್ಟ್ರೇ, ಸಂಗೀತವನ್ನೂ ಕಲಿಸುತ್ತಿದ್ದರು. ಕೋಲಿನ ಬಗ್ಗೆ ಅವರ ಪುಸ್ತಕ 1952ರಲ್ಲಿ ಬಂತು. ಕೊಳ್ಳಲೇಬೇಕು ಅಂತಿಲ್ಲ, ರಟ್ಟು ಕತ್ತರಿಸಿ ಬಣ್ಣ ಹಚ್ಚಿದರೂ ನಡೆಯುತ್ತದೆ.

ಚಾಕ್‌ಪೀಸ್

ದೊಡ್ಡ ಮಕ್ಕಳಿದ್ದರೆ ಮಗ್ಗಿಗೂ ತಾಳ ಹಾಕಿಸಿ. ಒಂದು ತಂಡ ಪ್ರತಿ 3ಕ್ಕೆ ತೊಡೆ ತಟ್ಟಬೇಕು, ಇನ್ನೊಂದು ತಂಡ ಪ್ರತಿ 4ಕ್ಕೆ. ಎಲ್ಲರೂ ಮೆಲ್ಲಗೆ ಒಂದು, ಎರಡು ಅಂತ ಎಣಿಸುತ್ತಿರಬೇಕು. 12ಕ್ಕೆ ಎರಡೂ ಒಟ್ಟಿಗೆ ಬೀಳುತ್ತವೆ. ಆಮೇಲೆ 4 ಮತ್ತು 6 ಕೊಡಿ, ಎಲ್ಲಿ ಸೇರುತ್ತದೆ ಅಂತ ಮೊದಲೇ ಊಹಿಸಲು ಹೇಳಿ. ಮೂರು ನಾಲ್ಕಲಿ ಹನ್ನೆರಡು ಆದ ಮೇಲೆ ನಾಲ್ಕು ಆರಲಿ ಇಪ್ಪತ್ತನಾಲ್ಕು ಅನ್ನುತ್ತಾರೆ. ತಟ್ಟಿದರೆ 12ರಲ್ಲೇ ಸೇರಿಬಿಡುತ್ತದೆ! ಆಗ ಅವರ ಮುಖ ನೋಡಬೇಕು. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಅನ್ನುವ ಹೆಸರು ಇನ್ನೆರಡು ವರ್ಷ ಬಿಟ್ಟು ಹೇಳಿದರೂ ನಡೆಯುತ್ತದೆ.

ಇಬ್ಬರ ಅಮ್ಮ

ಏನೂ ಸಾಮಾನು ಬೇಡದ್ದು ಒಂದಿದೆಯಾ? ಮನೆಯಲ್ಲಿ ಚಿಕ್ಕವನ ಜೊತೆ ಮಾಡಲು.

ಅಂಟು ಕತ್ತರಿ

ಶಬ್ದದ ನಕ್ಷೆ. ಹಾಳೆಯ ನಡುವೆ ಒಂದು ಚುಕ್ಕಿ, ಅದು ಅವನು. ಒಂದು ನಿಮಿಷ ಕಣ್ಣು ಮುಚ್ಚಿ ಕೇಳಲಿ. ಆಮೇಲೆ ಯಾವ ಶಬ್ದ ಯಾವ ದಿಕ್ಕಿನಿಂದ ಬಂತು, ಹತ್ತಿರವಾ ದೂರವಾ ಅಂತ ಹಾಳೆಯಲ್ಲಿ ಗುರುತು ಹಾಕಲಿ. ಕೆನಡಾದ ಸಂಗೀತ ರಚನಕಾರ ಮರ್ರೆ ಶೇಫರ್ 1960ರ ದಶಕದಲ್ಲಿ ವಿದ್ಯಾರ್ಥಿಗಳಿಗೆ ಕೇಳುವ ಅಭ್ಯಾಸಗಳನ್ನು ಮಾಡಿಸುತ್ತಿದ್ದರು, ಅದಕ್ಕೆ ಕಿವಿ ತೊಳೆಯುವುದು ಅನ್ನುವ ಅರ್ಥದ ಹೆಸರಿಟ್ಟಿದ್ದರು. ಮೂರು ದಿನ ಮಾಡಿದ ಮೇಲೆ ಎಣಿಸಿ: ಹಕ್ಕಿ ಎಷ್ಟು ಸಲ, ಗಾಡಿ ಎಷ್ಟು ಸಲ, ಬಾಗಿಲು ಎಷ್ಟು ಸಲ. ಒಂದು ಸಲಕ್ಕೆ ಒಂದು ಗುಂಡಿ ಅಂತ ಸಾಲು ಇಟ್ಟರೆ ಕಂಬದ ಚಿತ್ರ ತಯಾರು. ಬೆಳಿಗ್ಗೆಯದ್ದು ಒಂದು, ಸಂಜೆಯದ್ದು ಒಂದು ಮಾಡಿ ಹೋಲಿಸಿದರೆ ಅವನೇ ಪ್ರಶ್ನೆ ಕೇಳಲು ಶುರು ಮಾಡುತ್ತಾನೆ.

ಎರಡನೇ ಕ್ಲಾಸ್ ಟೀಚರ್

ಮೂರು ವಾರ ಆಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮೊದಲ ದಿನ ಡಬ್ಬಿ ಆಟ ಕೆಟ್ಟುಹೋಯಿತು. ಕಣ್ಣು ಮುಚ್ಚಿ ಅಂದರೆ ಎಲ್ಲರೂ ಬೆರಳ ಸಂದಿಯಲ್ಲಿ ನೋಡಿದರು. ಎರಡನೇ ದಿನ ಡಬ್ಬಿಯನ್ನು ಮೇಜಿನ ಕೆಳಗೆ ಇಟ್ಟೆ. ಆಗ ಸರಿಹೋಯಿತು. ತಳಕ್ಕೆ ಬಟ್ಟೆ ಹಾಕಿದೆ. ಸದ್ದು ಮೆತ್ತಗಾಗಿದ್ದರಿಂದ ಮಕ್ಕಳು ಇನ್ನೂ ಮುಂದಕ್ಕೆ ಬಾಗಿ ಕೇಳಿದರು, ಇದು ನಾನು ನಿರೀಕ್ಷಿಸಿರಲಿಲ್ಲ. ಬೆನ್ನ ಮೇಲೆ ತಟ್ಟುವುದು ಎಲ್ಲಕ್ಕಿಂತ ಇಷ್ಟವಾಯಿತು, ಕಚಗುಳಿ ಇಟ್ಟವರನ್ನು ಬಿಟ್ಟರೆ.

ಕಲಸಿ ಹಾಕಿದ ದಿನ ದೊಡ್ಡ ವಾದ ನಡೆಯಿತು. "ಟಪ್ ಮೊದಲು ಬಂತು, ಅದಕ್ಕೆ 43" ಅಂತ ಒಂದು ಗುಂಪು. ಕಡ್ಡಿ ಎಣಿಸಿ ನೋಡೋಣ ಅಂತ ಇನ್ನೊಂದು. ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ, ಅದೇ ಕಷ್ಟದ ಕೆಲಸ.

ನೂರ ಮೂರರ ದಿನ ಧಡ್ ಆದ ಮೇಲೆ ನಾನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಟಪ್ ಟಪ್ ಟಪ್ ಹಾಕಿದೆ. ಹಿಂದಿನ ಬೆಂಚಿನವನೊಬ್ಬ "ಟೀಚರ್, ಮಧ್ಯದಲ್ಲಿ ಏನೋ ಹಾಕೋದು ಮರೆತ್ರಿ" ಅಂದ. ಮರೆತಿಲ್ಲ, ಅಲ್ಲಿ ಏನೂ ಇಲ್ಲ ಅಂದೆ. "ಹಾಗಾದ್ರೆ ಏನೂ ಇಲ್ಲ ಅಂತ ಬರೀಬೇಕಾ?" ಅಂತ ಕೇಳಿದ. ಬರಿ ಅಂದೆ.

ನಿನ್ನೆಯ ಉಕ್ತಲೇಖನದಲ್ಲಿ 1003 ಬರೆದವರು ಆರು ಜನ. ಮೊದಲು ಅರ್ಧ ಕ್ಲಾಸು ಇತ್ತು. ಇಬ್ಬರು ಈಗ ಹೊಸದಾಗಿ 13 ಬರೆಯುತ್ತಿದ್ದಾರೆ, ಅವರಿಗೆ ನಾಳೆ ರಟ್ಟಿನ ಕಾರ್ಡ್. ಎಂಬತ್ತು, ತೊಂಬತ್ತು ಇನ್ನೂ ಅಷ್ಟಕ್ಕಷ್ಟೇ.

ಆ ಹುಡುಗಿಯ ಅಮ್ಮನ ಜೊತೆ ಮಾತಾಡಿದೆ. ಒಂದು ಕಿವಿ ಕಡಿಮೆ ಕೇಳುತ್ತದಂತೆ. ಅವಳನ್ನು ಈಗ ಮುಂದೆ, ಒಳ್ಳೆಯ ಕಿವಿ ನನ್ನ ಕಡೆ ಬರುವ ಹಾಗೆ ಕೂರಿಸಿದ್ದೇನೆ.

ಇಬ್ಬರ ಅಮ್ಮ

ಟೀಚರ್, ಬೋರ್ಡ್ ಕಡೆ ತಿರುಗಿಕೊಂಡು ಮಾತಾಡಬೇಡಿ. ನಿಮ್ಮ ಮುಖ ಕಂಡರೆ ಅವಳಿಗೆ ಅರ್ಧ ಕೆಲಸ ಕಮ್ಮಿ.

ಎರಡನೇ ಕ್ಲಾಸ್ ಟೀಚರ್

ಸರಿ ಅಮ್ಮಾ, ನೆನಪಿಟ್ಟುಕೊಳ್ಳುತ್ತೇನೆ. ಮೇಷ್ಟ್ರೇ, ಸಾವಿರಕ್ಕೆ ಯಾವ ಸದ್ದು ಮಾಡಲಿ? ಮಕ್ಕಳು ಈಗಲೇ ಕೇಳುತ್ತಿದ್ದಾರೆ.

ಡಬ್ಬಿ ಮೇಷ್ಟ್ರು

ನೀವು ಹೇಳಬೇಡಿ. ಅವರೇ ಹುಡುಕಲಿ. ನನ್ನ ಕ್ಲಾಸಿನಲ್ಲಿ ಒಂದು ವರ್ಷ ಎಲ್ಲರೂ ಒಟ್ಟಿಗೆ ಎಗರಿ ನೆಲಕ್ಕೆ ಕುಪ್ಪಳಿಸುವುದು ಅಂತ ತೀರ್ಮಾನ ಆಗಿತ್ತು. 3000 ಹೇಳುವ ಮುಂಚೆ ಪಕ್ಕದ ಕ್ಲಾಸಿನವರಿಗೆ ತಿಳಿಸುವುದನ್ನು ಮಾತ್ರ ಮರೆಯಬೇಡಿ.